ಹರ್ಬರ್ಟ್ ಸೈಮನ್: ಆಟದ ಮೈದಾನದ ಬಜೆಟ್ಟಿನಿಂದ ಹೊರಟ ರಾಜಕೀಯ ಚಿಂತನೆ

ಬಸವನಗುಡಿಯ ಓದುಗ:

ಗೆಳೆಯರೇ, ಸಮಾಜವಿಜ್ಞಾನದ ತತ್ತ್ವಶಾಸ್ತ್ರ ಎಂದರೆ ನಮ್ಮ ಕಾಲೇಜುಗಳಲ್ಲಿ ವೇಬರ್, ಪಾಪರ್, ಕೂನ್ ಎಂದು ಕೆಲವು ಹೆಸರುಗಳನ್ನು ಹೇಳಿ ಮುಂದೆ ಸಾಗುವುದು ವಾಡಿಕೆ. ಹರ್ಬರ್ಟ್ ಸೈಮನ್ ಆ ಸಾಲಿನಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಅರ್ಥಶಾಸ್ತ್ರ ಓದಿದವರಿಗೆ ಅವರು 1978ರ ನೊಬೆಲ್ ಪುರಸ್ಕೃತರು. ಕಂಪ್ಯೂಟರ್ ಓದಿದವರಿಗೆ 1975ರಲ್ಲಿ ಅಲೆನ್ ನ್ಯೂವೆಲ್ ಜೊತೆಗೆ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಕೆಎಎಸ್ ಪರೀಕ್ಷೆಗೆ ತಯಾರಾಗುವವರಿಗೆ ಸಾರ್ವಜನಿಕ ಆಡಳಿತ ವಿಷಯದ ಒಂದು ಟಿಪ್ಪಣಿ. ಆದರೆ ಅವರು ಡಾಕ್ಟರೇಟ್ ಪಡೆದದ್ದು ರಾಜ್ಯಶಾಸ್ತ್ರದಲ್ಲಿ, ಷಿಕಾಗೊ ವಿಶ್ವವಿದ್ಯಾಲಯದಿಂದ, 1943ರಲ್ಲಿ. ಅವರ ಮುಂದಿನ ಅರ್ಧ ಶತಮಾನದ ಕೆಲಸವನ್ನೆಲ್ಲ ಹುಟ್ಟಿಸಿದ ಪ್ರಶ್ನೆಯೂ ಒಂದು ನಗರದ ಆಡಳಿತದಿಂದಲೇ ಎದ್ದು ಬಂತು. ಆ ಪ್ರಶ್ನೆಯನ್ನು ಬೆಂಗಳೂರಿನ ನಾವು ನಮ್ಮದಾಗಿಸಿಕೊಂಡು ಓದಬೇಕು ಎಂಬ ಆಸೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಸೈಮನ್ ಹುಟ್ಟಿದ್ದು 1916ರಲ್ಲಿ, ಅಮೆರಿಕದ ಮಿಲ್ವಾಕಿ ನಗರದಲ್ಲಿ. ವಿದ್ಯಾರ್ಥಿಯಾಗಿದ್ದಾಗ, 1935ರ ಸುಮಾರಿಗೆ, ತನ್ನ ಊರಿನ ಆಟದ ಮೈದಾನಗಳ ಆಡಳಿತ ಹೇಗೆ ನಡೆಯುತ್ತದೆ ಎಂದು ನೋಡಿ ಬರೆಯುವ ಕೆಲಸ ಕೈಗೆತ್ತಿಕೊಂಡರು. ಅಲ್ಲಿ ಮೈದಾನಗಳಿಗೆ ಇಬ್ಬರು ಯಜಮಾನರಿದ್ದರು. ಮಕ್ಕಳನ್ನು ಆಡಿಸುವ ಸಿಬ್ಬಂದಿಯ ಹೊಣೆ ಶಾಲಾ ಮಂಡಳಿಯದು. ನೆಲ, ಗಿಡಮರ, ಬೇಲಿಗಳ ಹೊಣೆ ಲೋಕೋಪಯೋಗಿ ವಿಭಾಗದ್ದು. ಲಭ್ಯವಿರುವ ಹಣದಲ್ಲಿ ಯಾವುದಕ್ಕೆ ಎಷ್ಟು ಎಂಬ ಬಗ್ಗೆ ಇಬ್ಬರಿಗೂ ಸದಾ ಭಿನ್ನಾಭಿಪ್ರಾಯ. ಅರ್ಥಶಾಸ್ತ್ರದ ಪಠ್ಯದಲ್ಲಿ ಇದಕ್ಕೆ ಸಿದ್ಧ ಉತ್ತರವಿತ್ತು: ಕೊನೆಯ ಒಂದು ಡಾಲರ್‌ನಿಂದ ಎರಡೂ ಕಡೆ ಸಮಾನ ಪ್ರಯೋಜನ ಸಿಗುವ ಹಾಗೆ ಹಣ ಹಂಚಬೇಕು. ಸೈಮನ್ ಕಂಡದ್ದು ಏನೆಂದರೆ, ಆ ಕಚೇರಿಗಳಲ್ಲಿ ಯಾರೂ ಹಾಗೆ ಲೆಕ್ಕ ಹಾಕುತ್ತಿರಲಿಲ್ಲ, ಹಾಕುವುದಕ್ಕೆ ಬೇಕಾದ ಮಾಹಿತಿಯೂ ಯಾರ ಬಳಿಯೂ ಇರಲಿಲ್ಲ. ಸಸಿ ನೆಡುವವರಿಗೆ ಸಸಿ ಮುಖ್ಯವಾಗಿತ್ತು, ಮಕ್ಕಳನ್ನು ಆಡಿಸುವವರಿಗೆ ಆಟ ಮುಖ್ಯವಾಗಿತ್ತು. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ತಮ್ಮ ದೃಷ್ಟಿಯಲ್ಲಿ ವಿವೇಕಿಗಳು.

ಲೆಕ್ಕ ಹಾಕದ ಮನುಷ್ಯ ಹಾಗಾದರೆ ನಿರ್ಧಾರ ಮಾಡುವುದು ಹೇಗೆ? ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರವೇ 1947ರಲ್ಲಿ ಪ್ರಕಟವಾದ ‘ಅಡ್ಮಿನಿಸ್ಟ್ರೇಟಿವ್ ಬಿಹೇವಿಯರ್’. ಯಾವುದೇ ನಿರ್ಧಾರವು ಕೆಲವು ಆಧಾರಗಳಿಂದ ಹೊರಡುವ ತೀರ್ಮಾನ ಎಂಬುದು ಆ ಪುಸ್ತಕದ ಜೀವಾಳ. ಆ ಆಧಾರಗಳಲ್ಲಿ ಕೆಲವು ಸಂಗತಿಗೆ ಸಂಬಂಧಿಸಿದವು, ಕೆಲವು ಮೌಲ್ಯಕ್ಕೆ ಸಂಬಂಧಿಸಿದವು. ಸಂಸ್ಥೆಯೊಂದು ತನ್ನ ನೌಕರನ ಮೇಲೆ ಅಧಿಕಾರ ನಡೆಸುವುದು ಮುಖ್ಯವಾಗಿ ಆಜ್ಞೆಯ ಮೂಲಕ ಅಲ್ಲ. ಅವನ ಮೇಜಿಗೆ ಯಾವ ಆಧಾರಗಳು ಬರಬೇಕು, ಯಾವುವು ಬರಬಾರದು ಎಂಬುದನ್ನು ಮೊದಲೇ ಗೊತ್ತುಮಾಡುವ ಮೂಲಕ. ನನ್ನ ಮಟ್ಟಿಗೆ ಸೈಮನ್ ಅವರ ಎಲ್ಲ ಬರಹಗಳಲ್ಲಿ ಅತ್ಯಂತ ಮಹತ್ವದ ರಾಜಕೀಯ ಒಳನೋಟ ಇದು. ನಾವು ‘ಆ ಅಧಿಕಾರಿ ಒಳ್ಳೆಯವರು, ಈ ಮಂತ್ರಿ ಕೆಟ್ಟವರು’ ಎಂದು ಮಾತನಾಡುತ್ತ ಕುಳಿತಿರುವಾಗ ನಿರ್ಧಾರವು ಅದಕ್ಕಿಂತ ಬಹಳ ಮೊದಲೇ, ಅಂದಾಜು ಪಟ್ಟಿ ಸಿದ್ಧವಾಗುವ ಹಂತದಲ್ಲಿಯೇ, ಬಹುಪಾಲು ಆಗಿಹೋಗಿರುತ್ತದೆ.

ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯ ಪ್ರಕರಣವನ್ನು ನೆನಪಿಸಿಕೊಳ್ಳಿ. ಸುಮಾರು 6.7 ಕಿಲೋಮೀಟರ್ ಉದ್ದದ ಯೋಜನೆ, ಎಂಟುನೂರಕ್ಕೂ ಹೆಚ್ಚು ಮರಗಳು ಹೋಗಬೇಕಿತ್ತು. ಅಕ್ಟೋಬರ್ 2016ರಲ್ಲಿ ನಾಗರಿಕರು ಮಾನವ ಸರಪಳಿ ಕಟ್ಟಿದರು, ಮಾರ್ಚ್ 2017ರಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಆಗಿನ ವಾದಗಳಲ್ಲಿ ಮರಗಳ ಮಾತೇ ಹೆಚ್ಚು ಕೇಳಿಸಿತು. ಆದರೆ ವಿರೋಧಿಸಿದವರ ಇನ್ನೊಂದು ಆಕ್ಷೇಪ ಸೈಮನ್ ಅವರ ಪ್ರಶ್ನೆಗೆ ಬಹಳ ಹತ್ತಿರದ್ದು: ಪರ್ಯಾಯಗಳನ್ನು ಜನರ ಮುಂದಿಟ್ಟು ಹೋಲಿಸದೆ ಒಂದೇ ಒಂದು ಪರಿಹಾರವನ್ನು ತಂದು ಒಪ್ಪಿ ಎನ್ನುವುದು ಸರಿಯೇ? ವಿಮಾನ ನಿಲ್ದಾಣದ ಕಡೆಗೆ ಕಾರುಗಳು ಬೇಗ ಹೋಗುವುದು ಹೇಗೆ ಎಂದು ಪ್ರಶ್ನೆಯನ್ನು ಬರೆದುಕೊಂಡರೆ ಉತ್ತರ ಮೇಲ್ಸೇತುವೆಯೇ ಆಗುತ್ತದೆ. ಉತ್ತರ ಬೆಂಗಳೂರಿನ ಜನ ಓಡಾಡುವುದು ಹೇಗೆ ಎಂದು ಬರೆದುಕೊಂಡರೆ ಬಸ್ಸು, ರೈಲು, ಕಾಲುದಾರಿ ಎಲ್ಲವೂ ಕಡತದೊಳಗೆ ಬರಬೇಕಾಗುತ್ತದೆ.

ಓದಿದವರು, ಓದುತ್ತಿರುವವರು, ಆಡಳಿತದ ಒಳಗೆ ಇದ್ದು ಬಂದವರು ದಯವಿಟ್ಟು ಬರೆಯಿರಿ.

ನಾಗರಬಾವಿಯ ಸಂಶೋಧನಾ ವಿದ್ಯಾರ್ಥಿನಿ:

ಸರ್, ಬಹಳ ಒಳ್ಳೆಯ ವಿಷಯ ಎತ್ತಿದ್ದೀರಿ. ತತ್ತ್ವಶಾಸ್ತ್ರದ ಕಡೆಯಿಂದ ಒಂದು ಅಂಶ ಸೇರಿಸುತ್ತೇನೆ. ಸೈಮನ್ ಷಿಕಾಗೊದಲ್ಲಿ ತತ್ತ್ವಜ್ಞಾನಿ ರುಡಾಲ್ಫ್ ಕಾರ್ನಾಪ್ ಅವರ ತರಗತಿಗಳಲ್ಲಿ ಕುಳಿತವರು. ಅನುಭವದಿಂದ ಪರೀಕ್ಷಿಸಬಹುದಾದ ಹೇಳಿಕೆಗಳನ್ನೇ ಜ್ಞಾನವೆಂದು ಒಪ್ಪುವ ತಾರ್ಕಿಕ ಪ್ರತ್ಯಕ್ಷವಾದದ ಪ್ರಭಾವ 1947ರ ಪುಸ್ತಕದ ಮೂರನೇ ಅಧ್ಯಾಯದಲ್ಲಿ ಎದ್ದು ಕಾಣುತ್ತದೆ. ಸಂಗತಿಯ ಹೇಳಿಕೆಯನ್ನು ನಿಜವೇ ಸುಳ್ಳೇ ಎಂದು ಪರೀಕ್ಷಿಸಬಹುದು, ‘ಹೀಗಿರಬೇಕು’ ಎಂಬ ಹೇಳಿಕೆಯನ್ನು ಹಾಗೆ ಪರೀಕ್ಷಿಸಲಾಗದು ಎಂಬ ವಿಂಗಡಣೆಯನ್ನು ಅವರು ನೇರವಾಗಿ ಆಡಳಿತಕ್ಕೆ ತಂದರು.

ಇದಕ್ಕೂ ಒಂದು ವರ್ಷ ಮೊದಲು, 1946ರಲ್ಲಿ, ಅವರು ಬರೆದ ಲೇಖನವೊಂದು ಆಗಿನ ಆಡಳಿತಶಾಸ್ತ್ರದ ಬುಡವನ್ನೇ ಅಲುಗಾಡಿಸಿತು. ಆ ಕಾಲದ ವಿದ್ವಾಂಸರು ‘ಆಡಳಿತದ ತತ್ತ್ವಗಳು’ ಎಂದು ಬೋಧಿಸುತ್ತಿದ್ದವೆಲ್ಲ ಗಾದೆಗಳಿಗಿಂತ ಮೇಲಲ್ಲ, ಪ್ರತಿಯೊಂದು ಗಾದೆಗೂ ಎದುರಾಡುವ ಇನ್ನೊಂದು ಗಾದೆ ಇದ್ದೇ ಇರುತ್ತದೆ ಎಂಬುದು ಅಲ್ಲಿನ ವಾದ. ನಮ್ಮಲ್ಲೂ ‘ಆತುರಗಾರನಿಗೆ ಬುದ್ಧಿ ಮಟ್ಟ’ ಎನ್ನುವ ಮನೆಯಲ್ಲೇ ‘ಶುಭಸ್ಯ ಶೀಘ್ರಂ’ ಎನ್ನುತ್ತೇವೆ. ಮೇಲಧಿಕಾರಿಯ ಕೆಳಗೆ ಕಡಿಮೆ ಜನರಿದ್ದರೆ ಹಿಡಿತ ಹೆಚ್ಚು ಎಂಬುದು ಒಂದು ತತ್ತ್ವ, ಮೆಟ್ಟಿಲುಗಳು ಕಡಿಮೆಯಿದ್ದರೆ ಕೆಲಸ ಬೇಗ ಎಂಬುದು ಇನ್ನೊಂದು ತತ್ತ್ವ. ಒಂದನ್ನು ಪಾಲಿಸಿದರೆ ಮತ್ತೊಂದು ಮುರಿಯುತ್ತದೆ. ಹೀಗೆ ತತ್ತ್ವಗಳನ್ನು ಹೇಳುವುದನ್ನು ಬಿಟ್ಟು ನಿಜವಾದ ಕಚೇರಿಗಳಲ್ಲಿ ಅಳತೆ ಮಾಡಿ ನೋಡಿ ಎಂದರು. ಅವರು ಬರಿದೆ ಹೇಳಿ ಬಿಟ್ಟವರಲ್ಲ. ಕ್ಲಾರೆನ್ಸ್ ರಿಡ್ಲಿ ಅವರೊಂದಿಗೆ ಸೇರಿ ನಗರಸಭೆಗಳ ಕೆಲಸವನ್ನು ಅಳೆಯುವ ಬಗೆಯ ಕುರಿತು 1938ರಲ್ಲೇ ಪುಸ್ತಕ ತಂದಿದ್ದರು. 1939ರಿಂದ 1942ರವರೆಗೆ ಬರ್ಕ್ಲಿಯಲ್ಲಿ ಇದೇ ಬಗೆಯ ಅಧ್ಯಯನಗಳ ಮುಂದಾಳತ್ವ ವಹಿಸಿದ್ದರು. ಪರಿಹಾರ ನೆರವಿನ ಇಲಾಖೆಯಲ್ಲಿ ಒಬ್ಬ ಸಿಬ್ಬಂದಿಗೆ ಎಷ್ಟು ಕುಟುಂಬಗಳ ಹೊಣೆ ಕೊಟ್ಟರೆ ಕೆಲಸ ಸರಿಯಾಗಿ ನಡೆಯುತ್ತದೆ ಎಂಬುದನ್ನು ಪ್ರಯೋಗ ಮಾಡಿಯೇ ನೋಡಿದರು.

ಆದರೆ ನನಗೊಂದು ಸಂಶಯವಿದೆ. ಸಂಗತಿ ಬೇರೆ, ಮೌಲ್ಯ ಬೇರೆ ಎಂದು ವಿಂಗಡಿಸಿದ ಮೇಲೆ ಮೌಲ್ಯವನ್ನು ಚುನಾಯಿತ ಸಭೆಗೆ, ಸಂಗತಿಯನ್ನು ಅಧಿಕಾರಿಗೆ ವಹಿಸುವ ದಾರಿಯನ್ನು ಅವರು ಸೂಚಿಸುತ್ತಾರೆ. ಚುನಾಯಿತ ಸಭೆಯೇ ಇಲ್ಲದ ಊರಿನಲ್ಲಿ ಏನು ಮಾಡುವುದು? ಬೆಂಗಳೂರಿನ ಪಾಲಿಕೆಯ ಚುನಾಯಿತ ಅವಧಿ ಮುಗಿದದ್ದು ಸೆಪ್ಟೆಂಬರ್ 2020ರಲ್ಲಿ. ಆ ನಂತರ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ನಗರ ನಡೆಯಿತು. ಅಷ್ಟೂ ಕಾಲ ಮೌಲ್ಯದ ಆಧಾರಗಳು ಯಾರ ಮೂಲಕ ಕಡತಕ್ಕೆ ಬಂದವು?

ರಾಜಾಜಿನಗರದ ನಿವೃತ್ತ ನೌಕರ:

ನಾನು ಸೈಮನ್ ಅವರನ್ನು ಓದಿದ್ದು ಇಲಾಖಾ ಪರೀಕ್ಷೆಯ ಕಾಲದಲ್ಲಿ, ಅದೂ ಮಾರ್ಗದರ್ಶಿ ಪುಸ್ತಕದಲ್ಲಿ. ಆದರೆ ಮೇಲೆ ಬರೆದದ್ದನ್ನು ಓದುವಾಗ ನಾನು ಕೆಲಸ ಮಾಡಿದ ಸ್ಥಳೀಯ ಸಂಸ್ಥೆಯ ಕಡತವೊಂದರ ಹಾದಿ ಕಣ್ಣಿಗೆ ಕಟ್ಟಿತು, ಹೆಸರು ಹೇಳುವುದಿಲ್ಲ.

ಒಂದು ವಾರ್ಡಿನಲ್ಲಿ ಮಳೆನೀರು ನಿಲ್ಲುತ್ತದೆ ಎಂದು ದೂರು ಬಂತು ಎಂದಿಟ್ಟುಕೊಳ್ಳಿ. ಸಹಾಯಕ ಎಂಜಿನಿಯರ್ ಸ್ಥಳ ನೋಡಿ ಬಂದು ಅಂದಾಜು ಪಟ್ಟಿ ಮಾಡುತ್ತಾರೆ. ಆ ಪಟ್ಟಿಯನ್ನು ದರಪಟ್ಟಿಯ, ಅಂದರೆ ಯಾವ ಕೆಲಸಕ್ಕೆ ಎಷ್ಟು ದರ ಎಂದು ಮೊದಲೇ ನಿಗದಿ ಮಾಡಿದ ಪಟ್ಟಿಯ, ಐಟಂಗಳ ಪ್ರಕಾರವೇ ಮಾಡಬೇಕು. ದರಪಟ್ಟಿಯಲ್ಲಿ ಕಾಂಕ್ರೀಟ್ ಚರಂಡಿಗೆ ಐಟಂ ಇದೆ, ಚಪ್ಪಡಿಗೆ ಇದೆ, ಅಗೆತಕ್ಕೆ ಇದೆ. ಪಕ್ಕದ ಖಾಲಿ ಜಾಗದಲ್ಲಿ ನೀರು ಇಂಗಲು ಬಿಟ್ಟರೆ ಸಾಕು ಎಂಬ ಪರಿಹಾರಕ್ಕೆ ಐಟಂ ಇಲ್ಲ, ಏಕೆಂದರೆ ಆ ಜಾಗ ಬೇರೆ ಇಲಾಖೆಯದು. ಹೀಗಾಗಿ ಚರಂಡಿಯ ಅಂದಾಜು ಸಿದ್ಧವಾಗುತ್ತದೆ. ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಮೊತ್ತದ ಕೂಡಿಕೆ ನೋಡಿ ಸಹಿ ಹಾಕುತ್ತಾರೆ. ಲೆಕ್ಕ ಶಾಖೆಯವರು ಅನುದಾನದ ಲೆಕ್ಕಶೀರ್ಷಿಕೆ, ಅಂದರೆ ಬಜೆಟ್ಟಿನಲ್ಲಿ ಹಣ ಇಟ್ಟಿರುವ ಬಾಬು, ಸರಿಯಿದೆಯೇ ನೋಡುತ್ತಾರೆ. ಟಿಪ್ಪಣಿ ಹಾಳೆಯಲ್ಲಿ ಕಂಡಿಕೆ ಒಂದು, ಎರಡು, ಮೂರು ಎಂದು ಬರೆದು, ಕೊನೆಗೆ ‘ಮೇಲಿನ ಅಂಶಗಳನ್ನು ಪರಿಶೀಲಿಸಿ ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಎಂದು ಮೇಲಕ್ಕೆ ಕಳುಹಿಸುತ್ತಾರೆ. ಆಯುಕ್ತರ ಮುಂದೆ ಅದು ಬರುವ ಹೊತ್ತಿಗೆ ಅವರ ಮುಂದಿರುವ ಆಯ್ಕೆ ಎರಡೇ: ಒಪ್ಪಬೇಕು ಅಥವಾ ‘ಚರ್ಚಿಸಿ’ ಎಂದು ಬರೆದು ವಾಪಸು ಕಳುಹಿಸಬೇಕು. ಅವರು ಎಷ್ಟೇ ಬುದ್ಧಿವಂತರಾಗಿದ್ದರೂ ಬರೆಯದೇ ಉಳಿದ ಕಂಡಿಕೆಯನ್ನು ಓದಲಾರರು. ದಿನಕ್ಕೆ ಅಂಥ ಕಡತಗಳ ರಾಶಿಯೇ ಅವರ ಮುಂದಿರುತ್ತದೆ.

ಇದರಲ್ಲಿ ಯಾರದೂ ದುರುದ್ದೇಶ ಇರಬೇಕಾಗಿಲ್ಲ ಎಂಬುದನ್ನು ಹೊರಗಿನವರು ನಂಬುವುದು ಕಷ್ಟ. ದುಡ್ಡಿನ ಆಸೆ ಇರುವ ಕಡೆಯೂ ಇದೇ ಹಾದಿ, ಇಲ್ಲದ ಕಡೆಯೂ ಇದೇ ಹಾದಿ. ವಿದ್ಯಾರ್ಥಿನಿ ಅಮ್ಮ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಚುನಾಯಿತ ಸದಸ್ಯರಿದ್ದಾಗಲೂ ಮೌಲ್ಯದ ಆಧಾರಗಳು ದರಪಟ್ಟಿಯೊಳಗೆ, ಲೆಕ್ಕಶೀರ್ಷಿಕೆಯೊಳಗೆ ಮೊದಲೇ ಸೇರಿಕೊಂಡಿರುತ್ತವೆ. ಸದಸ್ಯರು ಇಲ್ಲದಿದ್ದಾಗ ಅವನ್ನು ಪ್ರಶ್ನಿಸುವ ಒಂದೇ ಒಂದು ಕುರ್ಚಿಯೂ ಖಾಲಿಯಾಗುತ್ತದೆ.

ಮಲ್ಲೇಶ್ವರದ ಅಧ್ಯಾಪಕಿ:

ಹಿರಿಯರು ಬರೆದ ದರಪಟ್ಟಿಯ ಮಾತು ನನ್ನ ಆಕ್ಷೇಪಕ್ಕೆ ದಾರಿ ಮಾಡಿಕೊಟ್ಟಿತು. ಸಂಗತಿ ಮತ್ತು ಮೌಲ್ಯಗಳು ಕಡತದಲ್ಲಿ ಹೀಗೆ ಹೆಣೆದುಕೊಂಡಿರುವಾಗ ಅವನ್ನು ಬಿಡಿಸಿ ತೋರಿಸಬಹುದು ಎಂಬ ಸೈಮನ್ ಅವರ ವಿಶ್ವಾಸವೇ ಪ್ರಶ್ನಾರ್ಹ. ಅಮೆರಿಕದ ಆಡಳಿತಶಾಸ್ತ್ರಜ್ಞ ಡ್ವೈಟ್ ವಾಲ್ಡೊ ಇದೇ ಆಕ್ಷೇಪವನ್ನು ಎತ್ತಿದ್ದರು. 1952ರಲ್ಲಿ ಅಮೆರಿಕದ ರಾಜ್ಯಶಾಸ್ತ್ರ ಪತ್ರಿಕೆಯಲ್ಲಿ ಇಬ್ಬರ ನಡುವೆ ನಡೆದ ವಾಗ್ವಾದ ಸಾಕಷ್ಟು ಖಾರವಾಗಿತ್ತು. ದಕ್ಷತೆ ಎಂಬುದೇ ಒಂದು ಮೌಲ್ಯ, ಅದನ್ನು ತಟಸ್ಥ ಅಳತೆಗೋಲು ಎಂದುಕೊಂಡರೆ ಪ್ರಜಾಪ್ರಭುತ್ವದ ಪ್ರಶ್ನೆಗಳು ಹಿಂದೆ ಸರಿಯುತ್ತವೆ ಎಂಬ ವಾಲ್ಡೊ ಅವರ ಕಾಳಜಿ ನನಗೆ ಇಂದಿಗೂ ಸರಿಯೆನಿಸುತ್ತದೆ.

ಇದಕ್ಕಿಂತ ಆಳವಾದ ಇನ್ನೊಂದು ತೊಡಕಿದೆ. ಸೈಮನ್ 1955 ಮತ್ತು 1956ರ ಲೇಖನಗಳಲ್ಲಿ, ಮನುಷ್ಯ ಅತ್ಯುತ್ತಮವಾದದ್ದನ್ನು ಹುಡುಕುವುದಿಲ್ಲ, ತಾನು ಸಾಕು ಎಂದುಕೊಂಡ ಮಟ್ಟವನ್ನು ಮುಟ್ಟುವ ಮೊದಲ ಆಯ್ಕೆಯಲ್ಲಿ ನಿಲ್ಲುತ್ತಾನೆ ಎಂದರು. ಜೇಮ್ಸ್ ಮಾರ್ಚ್ ಜೊತೆಗೆ 1958ರಲ್ಲಿ ಬರೆದ ಪುಸ್ತಕದಲ್ಲಿ ಇದಕ್ಕೆ ಒಂದು ಸೊಗಸಾದ ಹೋಲಿಕೆ ಇದೆ: ಬಣವೆಯಲ್ಲಿ ಎಲ್ಲಕ್ಕಿಂತ ಮೊನಚಾದ ಸೂಜಿಯನ್ನು ಹುಡುಕುವುದು ಒಂದು ಕೆಲಸ, ಹೊಲಿಯುವುದಕ್ಕೆ ಆಗುವಷ್ಟು ಮೊನಚಾದ ಸೂಜಿಯನ್ನು ಹುಡುಕುವುದು ಬೇರೆ ಕೆಲಸ. ಸರಿ. ಆದರೆ ಎಷ್ಟು ಮೊನಚು ಸಾಕು ಎಂದು ಯಾರು ತೀರ್ಮಾನಿಸಿದರು? ನಾರ್ವೆಯ ಚಿಂತಕ ಯೋನ್ ಎಲ್ಸ್ಟರ್ ಇದನ್ನೇ ಕೇಳಿದರು. ಜನ ಸಾಕು ಎಂದುಕೊಳ್ಳುವ ಮಟ್ಟ ಅಲ್ಲಿಯೇ ಏಕೆ ನಿಂತಿತು ಎಂಬುದನ್ನು ವಿವರಿಸದಿದ್ದರೆ ಸಿದ್ಧಾಂತ ಅರ್ಧಕ್ಕೆ ನಿಲ್ಲುತ್ತದೆ. ಎಟುಕದ್ದನ್ನು ಬೇಡವೆಂದುಕೊಳ್ಳುವ ಮನಸ್ಸಿನ ಬಗ್ಗೆ ಎಲ್ಸ್ಟರ್ 1983ರಲ್ಲಿ ಒಂದು ಇಡೀ ಪುಸ್ತಕ ಬರೆದರು. ಅಮರ್ತ್ಯ ಸೇನ್ ಅವರೂ ಬೇರೆ ದಾರಿಯಿಂದ ಇಲ್ಲಿಗೇ ಬರುತ್ತಾರೆ: ದೀರ್ಘಕಾಲ ವಂಚಿತರಾದವರು ಸ್ವಲ್ಪದರಲ್ಲೇ ತೃಪ್ತಿ ಪಡುವುದನ್ನು ಕಲಿತುಬಿಡುತ್ತಾರೆ, ಆ ತೃಪ್ತಿಯನ್ನು ಅಳೆದು ಅವರಿಗೆ ಅನ್ಯಾಯವಾಗಿಲ್ಲ ಎನ್ನಲಾಗದು.

ಸಾಕೆನಿಸುವ ಮಟ್ಟವು ಸುಲಭವಾಗಿ ಸಿಕ್ಕಾಗ ಏರುತ್ತದೆ, ಸಿಗದಿದ್ದಾಗ ಇಳಿಯುತ್ತದೆ ಎಂದು ಸೈಮನ್ ಅವರೇ ಬರೆದಿದ್ದಾರೆ. ಈ ಮಾತನ್ನು ನಮ್ಮ ಊರಿಗೆ ತಂದು ನೋಡಿ. ನಗರದ ಅಂಚಿನ ಬಡಾವಣೆಗಳಲ್ಲಿ ಕಾವೇರಿ ನೀರಿನ ಬಗ್ಗೆ ಕೇಳುವುದನ್ನೇ ಬಿಟ್ಟು ಟ್ಯಾಂಕರ್ ಸಮಯಕ್ಕೆ ಸರಿಯಾಗಿ ಬಂದರೆ ಸಾಕು ಎನ್ನುವ ಮನೆಗಳಿವೆ. ಬೇಡಿಕೆ ಕಡಿಮೆಯಾಯಿತು ಎಂದು ಅದನ್ನು ಓದುವ ಆಡಳಿತವು ತನ್ನ ವೈಫಲ್ಯವನ್ನೇ ಜನರ ಸಮ್ಮತಿ ಎಂದು ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಸೈಮನ್ ಅವರ ಸಿದ್ಧಾಂತದಲ್ಲಿ ಇದನ್ನು ತಡೆಯುವ ಸಾಧನ ಏನಿದೆ?

ವೈಟ್‌ಫೀಲ್ಡಿನ ತಂತ್ರಾಂಶ ಎಂಜಿನಿಯರ್:

ನಾನು ಇನ್ನೊಂದು ತುದಿಯಿಂದ ಬಂದವನು. ನಮ್ಮ ಕ್ಷೇತ್ರದಲ್ಲಿ ಸೈಮನ್ ಎಂದರೆ 1956ರ ಲಾಜಿಕ್ ಥಿಯರಿಸ್ಟ್, ಅಂದರೆ ತರ್ಕಶಾಸ್ತ್ರದ ಪ್ರಮೇಯಗಳಿಗೆ ರುಜುವಾತು ಹುಡುಕುವ ತಂತ್ರಾಂಶ. ನ್ಯೂವೆಲ್ ಮತ್ತು ಕ್ಲಿಫ್ ಶಾ ಅವರೊಂದಿಗೆ ಅದನ್ನು ರೂಪಿಸಿದರು. ಅವರು ರಾಜ್ಯಶಾಸ್ತ್ರ ಬಿಟ್ಟು ಕಂಪ್ಯೂಟರಿಗೆ ಹಾರಿದರು ಎಂದು ಅನೇಕರು ತಿಳಿದಿದ್ದಾರೆ. ಆದರೆ ಆ ತಂತ್ರಾಂಶ ಎಲ್ಲ ಸಾಧ್ಯತೆಗಳನ್ನೂ ಹುಡುಕುವುದಿಲ್ಲ, ಕೆಲವು ಅನುಭವದ ಸುಳಿವುಗಳನ್ನು ಹಿಡಿದು ಹುಡುಕಾಟವನ್ನು ಕಿರಿದು ಮಾಡುತ್ತದೆ. ಮಿಲ್ವಾಕಿಯ ಅಧಿಕಾರಿಗಳು ಮಾಡುತ್ತಿದ್ದದ್ದೂ ಅದನ್ನೇ ಅಲ್ಲವೇ? 1949ರಲ್ಲಿ ಅವರು ಪಿಟ್ಸ್‌ಬರ್ಗಿನ ಕಾರ್ನೆಗಿ ಸಂಸ್ಥೆಗೆ ಹೋದವರು, 2001ರ ಫೆಬ್ರವರಿಯಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ವಿಭಾಗ ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ.

ಅವರ ವಿಶ್ವಾಸ ಎಲ್ಲಿ ಅತಿಯಾಯಿತು ಎಂಬುದನ್ನೂ ಹೇಳಬೇಕು. ಹತ್ತು ವರ್ಷದೊಳಗೆ ಕಂಪ್ಯೂಟರ್ ಚದುರಂಗದ ವಿಶ್ವ ಚಾಂಪಿಯನ್ ಆಗುತ್ತದೆ ಎಂದು 1950ರ ದಶಕದ ಕೊನೆಯಲ್ಲಿ ಅವರು ಭವಿಷ್ಯ ನುಡಿದಿದ್ದರು. ಡೀಪ್ ಬ್ಲೂ ಎಂಬ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಪಂದ್ಯದಲ್ಲಿ ಸೋಲಿಸಿದ್ದು 1997ರಲ್ಲಿ, ಅದೂ ಸೈಮನ್ ಬಯಸಿದ ಮನುಷ್ಯ ಸಹಜ ಸುಳಿವುಗಳಿಗಿಂತ ಹೆಚ್ಚಾಗಿ ಅಪಾರ ಲೆಕ್ಕಾಚಾರದ ವೇಗದಿಂದ. ಮತ್ತೊಂದು ಕಡೆ, ಮಾಹಿತಿ ಹೇರಳವಾದಷ್ಟೂ ಗಮನಕ್ಕೆ ಬರಗಾಲ ಬರುತ್ತದೆ ಎಂದು 1971ರಲ್ಲಿ ಅವರು ಹೇಳಿದ ಮಾತು ಇಂದು ಅಕ್ಷರಶಃ ನಡೆಯುತ್ತಿದೆ. ನಗರದ ದೂರುಗಳಿಗೆ ಆ್ಯಪ್ ಮಾಡುವ ನಮ್ಮಂಥವರು ಇದನ್ನು ಮರೆಯಬಾರದು. ದೂರು ದಾಖಲಿಸುವುದನ್ನು ಸುಲಭ ಮಾಡುತ್ತೇವೆ, ಅದನ್ನು ಓದುವ ಎಂಜಿನಿಯರ್ ಒಬ್ಬರೇ ಇರುತ್ತಾರೆ. ಯಾವ ದೂರು ಮೇಲೆ ಕಾಣಬೇಕು ಎಂದು ನಾವು ಬರೆಯುವ ವಿಂಗಡಣೆಯ ನಿಯಮವೇ ಅವರ ಆ ದಿನದ ಕೆಲಸವನ್ನು ನಿರ್ಧರಿಸುತ್ತದೆ. ಆ ನಿಯಮವನ್ನು ಯಾವ ಸಭೆಯೂ ಅಂಗೀಕರಿಸಿರುವುದಿಲ್ಲ.

ಬಸವನಗುಡಿಯ ಓದುಗ:

ಎಲ್ಲರಿಗೂ ಕೃತಜ್ಞತೆಗಳು. ಅಧ್ಯಾಪಕಿ ಮೇಡಂ ಅವರ ಆಕ್ಷೇಪ ಬಹಳ ಗಟ್ಟಿಯಾದದ್ದು. ಸೈಮನ್ ಅವರ ಪುಸ್ತಕದೊಳಗೆ ಅದಕ್ಕೆ ಸಿದ್ಧ ಉತ್ತರ ಸಿಗುವುದಿಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಉತ್ತರವನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಅವರು ತೋರಿಸಿಕೊಟ್ಟಿದ್ದಾರೆ. ಸಾಕೆನಿಸುವ ಮಟ್ಟವೂ ನಿರ್ಧಾರದ ಒಂದು ಆಧಾರವೇ. ಅದನ್ನು ನೊಂದವರ ಮನಸ್ಸಿಗೆ ಬಿಟ್ಟರೆ ಅದು ಕುಸಿಯುತ್ತ ಹೋಗುತ್ತದೆ. ಸಾರ್ವಜನಿಕವಾಗಿ, ಮೊದಲೇ, ಅಳೆಯಬಹುದಾದ ರೂಪದಲ್ಲಿ ಬರೆದಿಟ್ಟರೆ ಕುಸಿಯುವುದು ಕಷ್ಟ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಪಾದಚಾರಿ ಮಾರ್ಗಕ್ಕೆ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲ ಇರಬೇಕು ಎಂದಿದೆ. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ನುಸುಳಿ ನಡೆದು ಅಭ್ಯಾಸವಾದವರಿಗೆ ಅರ್ಧ ಮೀಟರೂ ಸಾಕೆನಿಸಬಹುದು. ಆದರೆ ಆ ಅಂಕಿ ಕಾಗದದ ಮೇಲಿದ್ದರೆ ಅಭ್ಯಾಸಕ್ಕೆ ವಿರುದ್ಧವಾಗಿ ಕೇಳುವ ನೆಲೆಯೊಂದು ಸಿಗುತ್ತದೆ.

ರೆಸಿಡೆನ್ಸಿ ರಸ್ತೆ, ವಿಠಲ ಮಲ್ಯ ರಸ್ತೆಗಳಲ್ಲಿ ಬಂದ ಟೆಂಡರ್‌ಶ್ಯೂರ್ ಎಂಬ ರಸ್ತೆ ಮರುವಿನ್ಯಾಸದ ಕಾಮಗಾರಿಗಳನ್ನು ಈ ಕಣ್ಣಿನಿಂದ ನೋಡಿ. ಅದರ ವೆಚ್ಚದ ಬಗ್ಗೆ, ನಗರದ ನಡುಭಾಗಕ್ಕೇ ಅದನ್ನು ಮೊದಲು ಕೊಟ್ಟ ಬಗ್ಗೆ ಆಕ್ಷೇಪಗಳಿವೆ, ಅವು ನ್ಯಾಯವಾದವು. ಆದರೆ ಅಲ್ಲಿ ನಡೆದ ಮುಖ್ಯ ಬದಲಾವಣೆ ಕಡತದಲ್ಲಿ ಆದದ್ದು. ವಿದ್ಯುತ್, ನೀರು, ಒಳಚರಂಡಿ, ದೂರಸಂಪರ್ಕದ ಕೇಬಲ್ ಎಲ್ಲವನ್ನೂ ರಸ್ತೆಯ ವಿನ್ಯಾಸದ ಒಳಗೇ ಸೇರಿಸಿ, ಪಾದಚಾರಿ ಮಾರ್ಗದ ಕೆಳಗೆ ಜಾಗ ಕೊಟ್ಟರು. ಹಿಂದೆ ಒಬ್ಬೊಬ್ಬರ ಮೇಜಿನ ಮೇಲೆ ಇನ್ನೊಬ್ಬರ ಆಧಾರ ಇರುತ್ತಿರಲಿಲ್ಲ. ಅದಕ್ಕೇ ಡಾಂಬರು ಹಾಕಿದ ಮೇಲೆ ಅಗೆಯುತ್ತಿದ್ದರು. ಶಾಲಾ ಮಂಡಳಿ ಮತ್ತು ಲೋಕೋಪಯೋಗಿ ವಿಭಾಗದ ಜಗಳದಲ್ಲಿ ಸೈಮನ್ ಕಂಡದ್ದು ಇದನ್ನೇ. ಮನುಷ್ಯ ತಾನಿರುವ ವಿಭಾಗದೊಂದಿಗೆ ತನ್ನನ್ನು ಗುರುತಿಸಿಕೊಳ್ಳುತ್ತಾನೆ, ಆ ವಿಭಾಗದ ಗುರಿಯೇ ಅವನಿಗೆ ಇಡೀ ಊರಿನ ಗುರಿಯಾಗಿ ಕಾಣುತ್ತದೆ.

ಖಾಲಿ ಕುರ್ಚಿಯ ಮಾತಿಗೆ ಬರುತ್ತೇನೆ. ನಗರಾಡಳಿತದ ಕುರಿತ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ವಾರ್ಡ್ ಸಮಿತಿಗಳಿಗೆ ಸಂವಿಧಾನದಲ್ಲೇ ಜಾಗ ಸಿಕ್ಕಿತು. ನಮ್ಮಲ್ಲಿ ಅವು ನಿಯಮಿತವಾಗಿ ಸಭೆ ಸೇರತೊಡಗಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ, ತಿಂಗಳ ಮೊದಲ ಶನಿವಾರದ ಸಭೆಗಳ ರೂಪದಲ್ಲಿ. ಆ ಸಭೆಗಳಿಗೆ ಹೋಗುವವರು ಸಾಮಾನ್ಯವಾಗಿ ಗುಂಡಿ ಮುಚ್ಚಿಸಿ, ದೀಪ ಹಾಕಿಸಿ ಎಂದು ಕೇಳುತ್ತಾರೆ. ಅವು ಬೇಕಾದವೇ. ಆದರೆ ರಾಜಾಜಿನಗರದ ಹಿರಿಯರ ವಿವರಣೆಯನ್ನು ಓದಿದ ಮೇಲೆ ನನಗೆ ಅನಿಸುವುದೆಂದರೆ, ಅಂದಾಜು ಪಟ್ಟಿ ಸಿದ್ಧವಾಗುವ ಮೊದಲೇ ಕಾಮಗಾರಿಯ ವಿಷಯ ಸಮಿತಿಯ ಮುಂದೆ ಬರಬೇಕು, ಬೇರೆ ಯಾವ ಪರಿಹಾರಗಳನ್ನು ಪರಿಶೀಲಿಸಿ ಬಿಟ್ಟಿದ್ದಾರೆ ಎಂಬ ಕಂಡಿಕೆಯೊಂದು ಟಿಪ್ಪಣಿ ಹಾಳೆಯಲ್ಲಿ ಕಡ್ಡಾಯವಾಗಿ ಇರಬೇಕು. ಪೂರ್ಣಗೊಂಡ ಕಾಮಗಾರಿಗಳ ಪಟ್ಟಿಯನ್ನು ಓದಿ ಹೇಳುವ ಸಭೆಗಿಂತ ಅಂಥ ಸಭೆಗೆ ಹೆಚ್ಚು ಅಧಿಕಾರ ಇರುತ್ತದೆ.

ನಾಗರಬಾವಿಯ ಸಂಶೋಧನಾ ವಿದ್ಯಾರ್ಥಿನಿ:

ಈ ಸಲಹೆಯನ್ನು ಒಪ್ಪುತ್ತೇನೆ. ಮುಂದಿನ ಚರ್ಚೆಗೆ ಒಂದು ಎಳೆಯನ್ನೂ ಸೂಚಿಸುತ್ತೇನೆ. ಮಹಾನಗರವೊಂದರ ಸುತ್ತಲಿನ ಊರುಗಳನ್ನು ಒಂದೇ ಆಡಳಿತಕ್ಕೆ ಸೇರಿಸಿದರೆ ಹಣಕಾಸು ಮತ್ತು ತೆರಿಗೆಯ ಭಾರ ಹೇಗೆ ಬದಲಾಗುತ್ತದೆ ಎಂಬ ಬಗ್ಗೆ ಸೈಮನ್ 1943ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಅವರ ಖ್ಯಾತಿಯ ಪುಸ್ತಕಗಳ ನಡುವೆ ಅದನ್ನು ಯಾರೂ ನೆನೆಯುವುದಿಲ್ಲ. ನಾವು 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಕೂಡಿಸಿ ಬೃಹತ್ ಪಾಲಿಕೆ ಮಾಡಿದೆವು, 2025ರಲ್ಲಿ ಅದನ್ನು ಐದು ನಗರ ಪಾಲಿಕೆಗಳಾಗಿ ವಿಂಗಡಿಸಿದೆವು. ಕೂಡಿಸುವಾಗಲೂ ಒಡೆಯುವಾಗಲೂ ಕೇಳಿಬಂದದ್ದು ಆಡಳಿತ ಚುರುಕಾಗುತ್ತದೆ ಎಂಬ ಒಂದೇ ವಾದ. ವಾಣಿಜ್ಯ ಕಟ್ಟಡಗಳ ಆಸ್ತಿ ತೆರಿಗೆ ಯಾವ ಪಾಲಿಕೆಯ ಗಡಿಯೊಳಗೆ ಹೆಚ್ಚು ಬೀಳುತ್ತದೆ, ಒಳಚರಂಡಿಯೇ ಇಲ್ಲದ ಬಡಾವಣೆಗಳು ಯಾವುದರ ಪಾಲಿಗೆ ಬರುತ್ತವೆ ಎಂಬುದು ಆ ವಾದದ ಮುಂದೆ ಹಿಂದೆ ಸರಿಯಿತು. ಐದೂ ಪಾಲಿಕೆಗಳ ಬಜೆಟ್ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಲು ಯಾರಾದರೂ ಜೊತೆಯಾದರೆ, 1943ರ ಆ ಅಧ್ಯಯನದ ಸಾರಾಂಶವನ್ನು ಕನ್ನಡದಲ್ಲಿ ಬರೆದು ಇಲ್ಲಿ ಹಾಕುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.

ರಾಜಾಜಿನಗರದ ನಿವೃತ್ತ ನೌಕರ:

ಬಜೆಟ್ ಪುಸ್ತಕ ಓದುವುದಕ್ಕೆ ನಾನು ಬರುತ್ತೇನಮ್ಮ. ಒಂದು ಸೂಚನೆ: ಬಜೆಟ್ ಅಂದಾಜಿನ ಕಾಲಂ ನೋಡಿ ತೀರ್ಮಾನಕ್ಕೆ ಬರಬೇಡಿ. ಅದರ ಪಕ್ಕದಲ್ಲಿ ಪರಿಷ್ಕೃತ ಅಂದಾಜು, ಹಿಂದಿನ ವರ್ಷಗಳ ವಾಸ್ತವಿಕ ವೆಚ್ಚದ ಕಾಲಂಗಳಿರುತ್ತವೆ. ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣ ಇಟ್ಟೂ ಖರ್ಚಾಗಲಿಲ್ಲ ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳೋಣ, ಅಲ್ಲಿಂದ ಶುರು ಮಾಡೋಣ.